ಆಕ್ಸನ್, ಕ್ಯಾಂಟಬ್, ಈಬರ್, ಡನೆಲ್ಮ್: ಇಂಗ್ಲೆಂಡಿನ ಊರುಗಳ ಲ್ಯಾಟಿನ್ ವಿಶೇಷಣ ಕಟ್ಟುವುದು ಹೇಗೆ?

ಹಳೇಪುಸ್ತಕ:
17–18ನೇ ಶತಮಾನದ ಒಂದಷ್ಟು ಲ್ಯಾಟಿನ್ ಪುಸ್ತಕಗಳಿಗೆ ಕನ್ನಡದಲ್ಲಿ ಸೂಚಿಪತ್ರ ಮಾಡಬೇಕಿದೆ. ಮುಖಪುಟದ ಬುಡದಲ್ಲಿ ‘ಲೊಂಡಿನಿ’, ‘ಆಕ್ಸೊನೀ’, ‘ಕಾಂಟಾಬ್ರಿಗಿಯೆ’ ಎಂದಿರುತ್ತದೆ. ಲೇಖಕರ ಹೆಸರಿನ ಪಕ್ಕ ‘ಸಾರಿಸ್ಬೆರಿಯೆನ್ಸಿಸ್’, ‘ರೊಫೆನ್ಸಿಸ್’ ತರಹದ ಬಾಲ. ಪದವಿಯ ಮುಂದೆ ‘ಆಕ್ಸನ್’, ‘ಡನೆಲ್ಮ್’. ಇವೆಲ್ಲ ಊರಿನ ಹೆಸರುಗಳೇ ಎಂದು ಗೊತ್ತು. ಇಂಗ್ಲಿಷ್ ಹೆಸರಿಗೆ ‘ಎನ್ಸಿಸ್’ ಅಂಟಿಸಿದರೆ ವಿಶೇಷಣ ಆಗುತ್ತದೆ ಎಂದುಕೊಂಡು ಒಂದು ಪಟ್ಟಿ ಮಾಡಿದೆ: ಯಾರ್ಕೆನ್ಸಿಸ್, ಡರ್ಹಮೆನ್ಸಿಸ್, ಮ್ಯಾಂಚೆಸ್ಟರೆನ್ಸಿಸ್. ಪುಸ್ತಕಗಳಲ್ಲಿ ಇವು ಒಂದೂ ಸಿಗುತ್ತಿಲ್ಲ. ನಿಯಮ ಇದೆಯೇ, ಇಲ್ಲ ಬಾಯಿಪಾಠವೇ ಗತಿಯೇ?

ಪ್ರಕೃತಿಪ್ರತ್ಯಯ:
ಪ್ರತ್ಯಯಕ್ಕೆ ನಿಯಮ ಇದೆ, ಪ್ರಕೃತಿಗೆ, ಅಂದರೆ ಪ್ರತ್ಯಯ ಹತ್ತುವ ಮೂಲ ಪದಕ್ಕೆ, ಇಲ್ಲ. ನಿಮ್ಮ ಪಟ್ಟಿ ಎಡವಿದ್ದು ಅಲ್ಲೇ.

‘ಎನ್ಸಿಸ್’ ನಮ್ಮ ತದ್ಧಿತ ಪ್ರತ್ಯಯದ ಹಾಗೆ. ‘ಕನ್ನಡಿಗ’ದಲ್ಲಿ ‘ಇಗ’ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ: ಆ ಜಾಗಕ್ಕೆ ಸೇರಿದವನು, ಸೇರಿದ್ದು. ಆದರೆ ಅದು ಅಂಟಿಕೊಳ್ಳುವುದು ಲ್ಯಾಟಿನ್ ನಾಮಪದಕ್ಕೆ, ಇಂದಿನ ಇಂಗ್ಲಿಷ್ ಹೆಸರಿಗಲ್ಲ. ಮೊದಲು ಊರಿನ ಲ್ಯಾಟಿನ್ ಹೆಸರು ಹುಡುಕಿ, ಕೊನೆಯ ವಿಭಕ್ತಿ ಪ್ರತ್ಯಯ ಕಳಚಿ, ಆಮೇಲೆ ಎನ್ಸಿಸ್ ಹಚ್ಚಿ.

ಆಕ್ಸೊನಿಯಾ (ಆಕ್ಸ್‌ಫರ್ಡ್): ಕೊನೆಯ ‘ಆ’ ತೆಗೆದರೆ ಆಕ್ಸೊನಿ, ಅದಕ್ಕೆ ಎನ್ಸಿಸ್ ಸೇರಿ ಆಕ್ಸೊನಿಯೆನ್ಸಿಸ್.
ಎಬೊರಾಕುಮ್ (ಯಾರ್ಕ್): ‘ಉಮ್’ ತೆಗೆದರೆ ಎಬೊರಾಕ್, ಎಬೊರಾಕೆನ್ಸಿಸ್.
ಡುನೆಲ್ಮುಮ್ (ಡರ್ಹಮ್): ಡುನೆಲ್ಮೆನ್ಸಿಸ್.
ರೊಫಾ (ರೋಚೆಸ್ಟರ್): ರೊಫೆನ್ಸಿಸ್.

ಎಲ್ಲಿ ‘ಇಯೆನ್ಸಿಸ್’, ಎಲ್ಲಿ ಬರೀ ‘ಎನ್ಸಿಸ್’ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಆ ‘ಇ’ ಪ್ರತ್ಯಯದ್ದಲ್ಲ, ನಾಮಪದದ್ದು. ಆಕ್ಸೊನಿಯಾದಲ್ಲಿ ಇದೆ, ಆದ್ದರಿಂದ ಉಳಿಯಿತು. ಎಬೊರಾಕುಮ್‌ನಲ್ಲಿ ಇಲ್ಲ, ಆದ್ದರಿಂದ ‘ಎಬೊರಾಕಿಯೆನ್ಸಿಸ್’ ಎಂದು ಬರೆದರೆ ತಪ್ಪು. ಲಿಂಕನ್ನಿಗೆ ಎರಡು ಹೆಸರಿವೆ. ರೋಮನ್ನರ ಲಿಂಡುಮ್‌ನಿಂದ ಹೊರಟರೆ ಲಿಂಡೆನ್ಸಿಸ್, ಮಧ್ಯಯುಗದ ಲಿಂಕೊಲ್ನಿಯಾದಿಂದ ಹೊರಟರೆ ಲಿಂಕೊಲ್ನಿಯೆನ್ಸಿಸ್. ಎರಡೂ ಸರಿ, ಕಾಲ ಬೇರೆ.

ಇನ್ನು ರೂಪಗಳು. ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ‘ಎನ್ಸಿಸ್’, ನಪುಂಸಕಕ್ಕೆ ‘ಎನ್ಸೆ’. ಪುಸ್ತಕದ ಹೆಸರುಗಳಲ್ಲೇ ನೋಡಿ. ಈಲಿ ಮಠದ 12ನೇ ಶತಮಾನದ ಇತಿಹಾಸಕ್ಕೆ ‘ಲಿಬೆರ್ ಎಲಿಯೆನ್ಸಿಸ್’ ಎನ್ನುತ್ತಾರೆ, ಲಿಬೆರ್ ಪುಲ್ಲಿಂಗ. ಡರ್ಹಮ್ ಚರ್ಚು ‘ಎಕ್ಲೇಸಿಯಾ ಡುನೆಲ್ಮೆನ್ಸಿಸ್’, ಸ್ತ್ರೀಲಿಂಗ, ಆದರೂ ಬಾಲ ಅದೇ. 1769ರಲ್ಲಿ ಅಚ್ಚಾದ ರೋಚೆಸ್ಟರ್ ದಾಖಲೆಗಳ ಸಂಗ್ರಹ ‘ರೆಜಿಸ್ಟ್ರುಮ್ ರೊಫೆನ್ಸೆ’, ರೆಜಿಸ್ಟ್ರುಮ್ ನಪುಂಸಕ. ಬಹುವಚನ ‘ಎನ್ಸೇಸ್’, ಷಷ್ಠೀ ಬಹುವಚನ ‘ಎನ್ಸಿಯುಮ್’. ಸೂಚಿಪತ್ರಕ್ಕೆ ಇಷ್ಟು ಸಾಕು.

ಕಡಲತಡಿ:
ಪ್ರಕೃತಿಗೆ ನಿಯಮ ಇಲ್ಲ ಅಂತ ಕೈ ಎತ್ತಿಬಿಟ್ಟರೆ ಹೇಗೆ ಮಾರಾಯ್ರೇ? ಚೆಸ್ಟರ್ ಅಂತ ಕೊನೆಯಾಗುವ ಊರುಗಳಿಗಾದರೂ ಒಂದು ಸೂತ್ರ ಇರಬೇಕಲ್ಲ?

ಪ್ರಕೃತಿಪ್ರತ್ಯಯ:
ಅಲ್ಲೇ ಎಲ್ಲಕ್ಕಿಂತ ಹೆಚ್ಚು ಗಲಿಬಿಲಿ. ಚೆಸ್ಟರ್, ಸೆಸ್ಟರ್, ಸಿಟರ್ ಇವೆಲ್ಲ ಲ್ಯಾಟಿನ್ನಿನ ‘ಕಾಸ್ಟ್ರಾ’ದಿಂದ, ಅಂದರೆ ಸೇನೆಯ ಪಾಳೆಯದಿಂದ, ಹಳೆ ಇಂಗ್ಲಿಷಿನ ‘ಚೆಯಸ್ಟರ್’ ಮೂಲಕ ಬಂದವು. ಮಧ್ಯಯುಗದ ಗುಮಾಸ್ತರು ಕೆಲವು ಊರುಗಳ ಹೆಸರಿನಿಂದ ಈ ಕೋಟೆಯನ್ನು ಕೆಡವಿದರು, ಕೆಲವಕ್ಕೆ ಹಾಗೇ ಬಿಟ್ಟರು.

ಕೋಟೆ ಕಳೆದುಕೊಂಡವು: ವಿಂಚೆಸ್ಟರ್ ವಿಂಟೊನಿಯಾ ಆಯಿತು, ವಿಶೇಷಣ ವಿಂಟೊನಿಯೆನ್ಸಿಸ್. ಎಕ್ಸಿಟರ್ ಎಕ್ಸೊನಿಯಾ, ವೂಸ್ಟರ್ ವಿಗೊರ್ನಿಯಾ, ರೋಚೆಸ್ಟರ್ ರೊಫಾ.
ಕೋಟೆ ಉಳಿಸಿಕೊಂಡವು: ಚೆಸ್ಟರ್ ಕೆಸ್ಟ್ರಿಯಾ, ಚಿಚೆಸ್ಟರ್ ಕಿಕೆಸ್ಟ್ರಿಯಾ, ಗ್ಲಾಸ್ಟರ್ ಗ್ಲೊಕೆಸ್ಟ್ರಿಯಾ.

ಯಾವುದು ಯಾವ ಗುಂಪು ಎನ್ನುವುದಕ್ಕೆ ಸೂತ್ರ ಇಲ್ಲ. ಇಷ್ಟನ್ನು ಬಾಯಿಪಾಠ ಮಾಡಲೇಬೇಕು.

ಇದರಲ್ಲಿ ರೋಮನ್ ಹೆಸರುಗಳು ಇಡಿಯಾಗಿ ಉಳಿದಿಲ್ಲ ಎನ್ನುವುದನ್ನೂ ಗಮನಿಸಿ. ಎಕ್ಸಿಟರ್ ರೋಮನ್ನರಿಗೆ ಇಸ್ಕಾ ಡುಮ್ನೊನಿಯೊರುಮ್, ಚೆಸ್ಟರ್ ಡೇವಾ, ಚಿಚೆಸ್ಟರ್ ನೊವಿಯೊಮಾಗುಸ್. ವಿಂಚೆಸ್ಟರಿನ ‘ವಿನ್’ನಲ್ಲಿ ಹಳೆಯ ‘ವೆಂಟಾ’ ಅಡಗಿದೆ. ಕ್ಯಾಂಟರ್ಬರಿ ರೋಮನ್ನರ ಕಾಲದಲ್ಲಿ ಡುರೊವೆರ್ನುಮ್. ಬಿಷಪ್ಪರು ತಮ್ಮ ಪೀಠದ ಊರಿನ ಲ್ಯಾಟಿನ್ ಹೆಸರನ್ನು ಮೊಟಕು ಮಾಡಿ ಸಹಿಯಲ್ಲಿ ಹಾಕುತ್ತಾರೆ. ಆರ್ಚ್‌ಬಿಷಪ್ ಸಹಿಯಲ್ಲಿರುವ ‘ಕ್ಯಾಂಟುವಾರ್’ ಬಂದದ್ದು ಹಳೆ ಇಂಗ್ಲಿಷಿನ ‘ಕಾಂಟ್‌ವಾರಾಬುರ್ಹ್’ನಿಂದ, ಅಂದರೆ ಕೆಂಟ್ ಜನರ ಕೋಟೆಯೂರು. ಲ್ಯಾಟಿನ್ ವೇಷ ಹಾಕಿದ ಇಂಗ್ಲಿಷ್ ಹೆಸರು ಅದು. ಆಕ್ಸೊನಿಯಾವೂ ಅಷ್ಟೇ, ಎತ್ತುಗಳ ಹಾಯ್ಗಡ ಎಂಬ ‘ಆಕ್ಸೆನಾಫೊರ್ಡಾ’ದ ತಲೆ ಹಿಡಿದು ಮಾಡಿದ್ದು. ದೊಡ್ಡ ಬಿಷಪ್ ಪೀಠಗಳಲ್ಲಿ ನಿಜವಾದ ರೋಮನ್ ಹೆಸರಿನಿಂದ ನೇರವಾಗಿ ಬಂದ ಸಹಿ ಎಂದರೆ ಲಂಡನ್ ಮತ್ತು ಯಾರ್ಕ್.

ತೂಕದಕಾಸು:
ಯಾರ್ಕಿನ ‘ಈಬರ್’ ಎಂಬ ಮೊಟಕು ರೂಪ ಬಿಷಪ್ಪರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ 1921ರಲ್ಲಿ ಸಿಕ್ಕ ಬಲಿಪೀಠದ ಕಲ್ಲೊಂದಿದೆ, ಕಾಲ ಕ್ರಿ.ಶ. 237. ನೆಟ್ಟವನು ಮಾರ್ಕುಸ್ ಔರೆಲಿಯುಸ್ ಲುನಾರಿಸ್. ಯಾರ್ಕ್ ಮತ್ತು ಲಿಂಕನ್ ಎರಡೂ ವಸಾಹತುಗಳಲ್ಲಿ ತನಗೆ ಪದವಿ ಇತ್ತೆಂದು ಹೇಳಿಕೊಳ್ಳುವಾಗ ಕಲ್ಲಿನ ಮೇಲೆ ಬರೀ ‘ಕೊಲ್. ಎಬೊರ್. ಎಟ್ ಲಿಂಡ್.’ ಎಂದು ಕೊರೆಸಿದ್ದಾನೆ. ಕಲ್ಲಿನಲ್ಲಿ ಜಾಗ ಕಡಿಮೆ, ಓದುವವರಿಗೆ ವಿಷಯ ಗೊತ್ತು. ಮೊಟಕು ಮಾಡುವುದಕ್ಕೆ ಆಗಲೂ ಈಗಲೂ ಕಾರಣ ಅದೇ.

ನಾಣ್ಯ ನೋಡುವವರಿಗೆ ಇನ್ನೊಂದು ಮಾತು. ಒಂದನೇ ಎಡ್ವರ್ಡ್ 1279ರಲ್ಲಿ ಹೊಸದಾಗಿ ಹೊಡೆಸಿದ ಬೆಳ್ಳಿ ಪೆನ್ನಿಯ ಹಿಂಬದಿಯಲ್ಲಿ ಟಂಕಸಾಲೆಯ ಊರಿನ ಹೆಸರಿರುತ್ತದೆ. ನಾಣ್ಯ ಸುಮಾರು 19 ಮಿಲಿಮೀಟರ್ ಅಗಲ, 1.4 ಗ್ರಾಂ ತೂಕ. ಉದ್ದ ಶಿಲುಬೆಯೊಂದು ಅಂಚಿನವರೆಗೂ ಚಾಚಿಕೊಂಡು ಬರಹವನ್ನು 4 ತುಂಡು ಮಾಡುತ್ತದೆ: ‘ಸಿವಿ – ಟಾಸ್ – ಲಾನ್ – ಡಾನ್’. ಶಿಲುಬೆಯ ತೋಳನ್ನು ಪದದ ಕೊನೆ ಎಂದುಕೊಂಡರೆ ಏನೂ ಅರ್ಥವಾಗುವುದಿಲ್ಲ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದೇ ಉಸಿರಿಗೆ ಓದಿ.

ಇಲ್ಲಿರುವುದು ವಿಶೇಷಣ ಅಲ್ಲ, ಷಷ್ಠೀ ವಿಭಕ್ತಿ: ‘ಸಿವಿಟಾಸ್ ಎಬೊರಾಕಿ’ ಎಂದರೆ ಯಾರ್ಕಿನ ನಗರ. ‘ಸಿವಿಟಾಸ್ ಎಕ್ಸೊನಿಯೆ’ ಎಕ್ಸಿಟರಿನದು, ‘ಸಿವಿಟಾಸ್ ಕೆಸ್ಟ್ರಿಯೆ’ ಚೆಸ್ಟರಿನದು. ‘ಆ’ ಮತ್ತು ‘ಎ’ ಕೂಡಿದ ಜೋಡಿ ಅಕ್ಷರದ ಬದಲು ಬರೀ ‘ಎ’ ಇರುವುದು ಮಧ್ಯಯುಗದ ವಾಡಿಕೆ, ಟಂಕಸಾಲೆಯ ತಪ್ಪಲ್ಲ. ಬ್ರಿಸ್ಟಲ್ ಮತ್ತು ನ್ಯೂಕಾಸಲ್ ನಾಣ್ಯಗಳಲ್ಲಿ ‘ಸಿವಿಟಾಸ್’ ಇಲ್ಲ, ‘ವಿಲ್ಲಾ’ ಇದೆ: ವಿಲ್ಲಾ ಬ್ರಿಸ್ಟೊಲಿಯೆ, ವಿಲ್ಲಾ ನೊವಿಕಾಸ್ಟ್ರಿ. ಸಾಮಾನ್ಯವಾಗಿ ಬಿಷಪ್ ಪೀಠ ಇರುವ ಊರು ಸಿವಿಟಾಸ್, ಇಲ್ಲದ್ದು ವಿಲ್ಲಾ. ಬ್ರಿಸ್ಟಲ್ಲಿಗೆ ಬಿಷಪ್ ಬಂದದ್ದು 1542ರಲ್ಲಿ, ನ್ಯೂಕಾಸಲ್ಲಿಗೆ 1882ರಲ್ಲಿ.

ಅಚ್ಚುಮೊಳೆ:
ಹಳೇಪುಸ್ತಕ ಅವರೇ, ನಿಮ್ಮ ಮುಖಪುಟದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ‘ಲೊಂಡಿನಿ’, ‘ಆಕ್ಸೊನೀ’ ವಿಶೇಷಣಗಳೇ ಅಲ್ಲ. ಅವು ಸಪ್ತಮಿ: ಲಂಡನ್ನಿನಲ್ಲಿ, ಆಕ್ಸ್‌ಫರ್ಡಿನಲ್ಲಿ. ಸೂಚಿಯಲ್ಲಿ ‘ಪ್ರಕಟಣೆಯ ಸ್ಥಳ’ ಅಂಕಣಕ್ಕೆ ಹೋಗಬೇಕಾದದ್ದು ಇದು.

‘ಉಮ್’ ಕೊನೆಯ ಹೆಸರಿಗೆ ಸಪ್ತಮಿಯಲ್ಲಿ ‘ಇ’ ಬರುತ್ತದೆ: ಎಬೊರಾಕಿ, ಲೊಂಡಿನಿ. ‘ಆ’ ಕೊನೆಯದಕ್ಕೆ ‘ಎ’: ಕಾಂಟಾಬ್ರಿಗಿಯೆ, ವಿಂಟೊನಿಯೆ. ಆಕ್ಸ್‌ಫರ್ಡಿಗೆ ಆಕ್ಸೊನಿಯಾ, ಆಕ್ಸೊನಿಯುಮ್ ಎರಡೂ ಚಾಲ್ತಿ ಇದ್ದದ್ದರಿಂದ ಆಕ್ಸೊನಿಯೆ, ಆಕ್ಸೊನೀ ಎರಡೂ ಸಿಗುತ್ತವೆ. ಕ್ಲಾರೆಂಡನ್ ಮುದ್ರಣಾಲಯದ ಪುಸ್ತಕಗಳಲ್ಲಿ ‘ಆಕ್ಸೊನೀ ಎ ಟಿಪೊಗ್ರಾಫೆಯೊ ಕ್ಲಾರೆಂಡೊನಿಯಾನೊ’ ಎಂದಿರುತ್ತದೆ. ನ್ಯೂಟನ್ನನ ಪ್ರಿನ್ಸಿಪಿಯಾ 1687ರ ಮುಖಪುಟದಲ್ಲಿ ‘ಲೊಂಡಿನಿ, ಜುಸ್ಸು ಸೊಸಿಯೆಟಾಟಿಸ್ ರೆಜಿಯೆ’, ಅಂದರೆ ಲಂಡನ್ನಿನಲ್ಲಿ, ರಾಯಲ್ ಸೊಸೈಟಿಯ ಅಪ್ಪಣೆಯಂತೆ. ‘ಟಿಪಿಸ್’ ಎಂದರೆ ಇಂಥವರ ಅಚ್ಚುಮೊಳೆಗಳಿಂದ, ಆದ್ದರಿಂದ ಮುಂದಿನ ಹೆಸರು ಮುದ್ರಕನದು. ‘ಇಂಪೆನ್ಸಿಸ್’ ಎಂದರೆ ಇಂಥವರ ಖರ್ಚಿನಲ್ಲಿ, ಅದು ಹಣ ಹಾಕಿದವನದು. ‘ಅಪುಡ್’ ಬಂದರೆ ಇಂಥವರ ಬಳಿ, ಸಾಮಾನ್ಯವಾಗಿ ಪುಸ್ತಕ ವ್ಯಾಪಾರಿ. ಈ ಮೂರನ್ನು ಅದಲುಬದಲು ಮಾಡಿದರೆ ಮುದ್ರಕನ ಅಂಕಣದಲ್ಲಿ ಅಂಗಡಿಯವನು ಕೂತಿರುತ್ತಾನೆ.

ರೋಮನ್ ಹೆಸರೇ ಇಲ್ಲದ ಊರಿಗೆ ಮುದ್ರಕರು ಏನು ಮಾಡಿದರು ಎನ್ನುವುದಕ್ಕೆ ಬರ್ಮಿಂಗ್‌ಹ್ಯಾಮ್ ನೋಡಿ. ಜಾನ್ ಬಾಸ್ಕರ್‌ವಿಲ್ 1757ರಲ್ಲಿ ಅಚ್ಚು ಹಾಕಿದ ರೋಮನ್ ಕವಿ ವರ್ಜಿಲ್‌ನ ಮುಖಪುಟದಲ್ಲಿ ‘ಬಿರ್ಮಿಂಗಾಮಿಯೆ: ಟಿಪಿಸ್ ಜೊಹಾನಿಸ್ ಬಾಸ್ಕರ್‌ವಿಲ್’. ಇಂಗ್ಲಿಷ್ ಹೆಸರಿಗೆ ಒಂದು ‘ಇಯಾ’ ತಗುಲಿಸಿ ಸಪ್ತಮಿ ಹಾಕಿಬಿಟ್ಟರು, ಮುಗಿಯಿತು. ಮುದ್ರಕರಷ್ಟು ನಿಸ್ಸಂಕೋಚದ ವ್ಯಾಕರಣಜ್ಞರು ಬೇರೆ ಇಲ್ಲ.

ಮೂರು ಕಡೆ ಜೋಪಾನ:
‘ಲೊಂಡಿನಿ ಗೊಥೋರುಮ್’ ಲಂಡನ್ ಅಲ್ಲ, ಸ್ವೀಡನ್ನಿನ ಲುಂಡ್. ಗೊಥೋರುಮ್ ಎಂದರೆ ಗೋಥ್ ಜನರ. ‘ಲೊಂಡಿನಿ’ ಕಂಡ ಕೂಡಲೇ ಓದು ನಿಲ್ಲಿಸಬೇಡಿ, ಮುಂದಿನ ಪದ ನೋಡಿ.
‘ಕಾಂಟಾಬ್ರಿಗಿಯೆ ನೋವ್-ಆಂಗ್ಲೋರುಮ್’ ಎಂದಿದ್ದರೆ ಅದು ಹಾರ್ವರ್ಡ್ ಇರುವ ಮ್ಯಾಸಚೂಸೆಟ್ಸಿನ ಕೇಂಬ್ರಿಜ್.
‘ನಿಯೊ-ಎಬೊರಾಕಿ’ ನ್ಯೂಯಾರ್ಕ್.

ಹಳೇಪುಸ್ತಕ:
ಸಪ್ತಮಿ ಅರ್ಥವಾಯಿತು, ಧನ್ಯವಾದ ಸರ್. ‘ಸಾರುಮ್’ ಯಾವ ವಿಭಕ್ತಿ? ಸಾಲ್ಸ್‌ಬರಿ ಬಿಷಪ್ಪರ ಸಹಿಯಲ್ಲಿ ಹಾಗೇ ಇದೆ. ಸಾರಿಸ್ಬೆರಿಯೆನ್ಸಿಸ್‌ಗೂ ಇದಕ್ಕೂ ಏನು ಸಂಬಂಧ?

ಪ್ರಕೃತಿಪ್ರತ್ಯಯ:
ಯಾವ ವಿಭಕ್ತಿಯೂ ಅಲ್ಲ. ಓದುವ ತಪ್ಪೊಂದು ಊರಿನ ಹೆಸರಾದದ್ದು ಅದು.

ಸರಿಯಾದ ಲ್ಯಾಟಿನ್ ಹೆಸರು ಸಾರಿಸ್ಬೆರಿಯಾ, ‘ಸಾರೆಸ್ಬೆರಿಯಾ’ ಎಂದೂ ಬರೆಯುತ್ತಿದ್ದರು. ಲಿಪಿಕಾರರು ಪೂರ್ತಿ ಬರೆಯದೆ ‘ಸಾರ್’ ಬರೆದು ‘ಮುಂದೆ ಅಕ್ಷರ ಇದೆ’ ಎಂಬುದಕ್ಕೆ ಒಂದು ಅಡ್ಡಗೀಟಿನ ಗುರುತು ಹಾಕುತ್ತಿದ್ದರು. ಲ್ಯಾಟಿನ್ ಹಸ್ತಪ್ರತಿಗಳಲ್ಲಿ ‘ರುಮ್’ ಎಂಬ ಷಷ್ಠೀ ಬಹುವಚನದ ಕೊನೆಗೂ ಹೆಚ್ಚುಕಡಿಮೆ ಅದೇ ಗುರುತು ಬಳಕೆಯಲ್ಲಿತ್ತು. ನಂತರದವರು ಅದನ್ನೇ ಬಿಡಿಸಿ ‘ಸಾರುಮ್’ ಎಂದು ಓದಿದರು. ಹೆಸರು ಎಷ್ಟು ಗಟ್ಟಿಯಾಯಿತೆಂದರೆ ಊರಿನ ಅಧಿಕೃತ ಹೆಸರು 2009ರ ತನಕ ‘ನ್ಯೂ ಸಾರಮ್’ ಆಗಿತ್ತು. ಸೂಚಿಯಲ್ಲಿ ‘ಸಾರುಮ್’ ಇದ್ದರೆ ಹಾಗೇ ನಕಲು ಮಾಡಿ, ಸಾಲ್ಸ್‌ಬರಿಗೆ ಕೊಂಡಿ ಹಾಕಿ. ಅದರ ಮೇಲೆ ‘ಸಾರುಮೆನ್ಸಿಸ್’ ಕಟ್ಟಲು ಹೋಗಬೇಡಿ.

ವ್ಯಕ್ತಿಯ ಹೆಸರಿನ ಮುಂದಿನ ಎನ್ಸಿಸ್ ಬಗ್ಗೆ ಇನ್ನೊಂದು. ಅದು ಹುಟ್ಟೂರು ಆಗಿರಬಹುದು, ಪೀಠವೂ ಆಗಿರಬಹುದು. ಜಾನ್ ಆಫ್ ಸಾಲ್ಸ್‌ಬರಿ ‘ಸಾರೆಸ್ಬೆರಿಯೆನ್ಸಿಸ್’ ಆದದ್ದು ಊರಿನಿಂದ. ಆತ ಫ್ರಾನ್ಸಿನ ಶಾರ್ತ್ರದ ಬಿಷಪ್ ಆಗಿ 1180ರಲ್ಲಿ ತೀರಿಕೊಂಡ, ಹಾಗಾಗಿ ‘ಕಾರ್ನೊಟೆನ್ಸಿಸ್’ ಕೂಡ ಹೌದು. ಒಬ್ಬನೇ ಮನುಷ್ಯ, ಎರಡು ಎನ್ಸಿಸ್. ಜಾನ್ ಫಿಶರ್ ‘ರೊಫೆನ್ಸಿಸ್’ ಎಂದೇ ಪ್ರಸಿದ್ಧ, ಆದರೆ ಹುಟ್ಟಿದ್ದು ಯಾರ್ಕ್‌ಶೈರಿನ ಬೆವರ್ಲಿಯಲ್ಲಿ, ರೋಚೆಸ್ಟರ್ ಅವನ ಪೀಠ. ‘ಎಪಿಸ್ಕೊಪುಸ್’, ಅಂದರೆ ಬಿಷಪ್, ಎಂಬ ಪದ ಹತ್ತಿರದಲ್ಲಿದ್ದರೆ ಪೀಠ ಎಂದು ಹಿಡಿಯಿರಿ. ಇಲ್ಲದಿದ್ದರೆ ವ್ಯಕ್ತಿಯ ಜೀವನ ನೋಡದೆ ‘ಜನ್ಮಸ್ಥಳ’ ಅಂಕಣ ತುಂಬಬೇಡಿ.

ವಿಶೇಷಣ ಬೇಡವೆನಿಸಿದರೆ ‘ಡೆ’ ಹಾಕುವುದೂ ಇತ್ತು. ಫ್ರಾನ್ಸಿಸ್ ಬೇಕನ್ 1620ರ ಮುಖಪುಟದಲ್ಲಿ ‘ಡೆ ವೆರುಲಾಮಿಯೊ’, ವೆರುಲಾಮಿಯುಮ್‌ನವನು. ಅದು ಈಗಿನ ಸೇಂಟ್ ಆಲ್ಬನ್ಸ್ ಪಕ್ಕದ ರೋಮನ್ ಊರು.

ಹರ್ಬೇರಿಯಂ:
ಗಿಡಗಳ ಕಡೆಯಿಂದ ಸ್ವಲ್ಪ. ಸಸ್ಯನಾಮಕರಣದ ಅಂತರರಾಷ್ಟ್ರೀಯ ಸಂಹಿತೆ, ಊರಿನಿಂದ ಬರುವ ಹೆಸರು ವಿಶೇಷಣವಾಗಿರಲಿ, ಕೊನೆ ಸಾಮಾನ್ಯವಾಗಿ ಎನ್ಸಿಸ್, ಆನುಸ್, ಇನುಸ್ ಅಥವಾ ಇಕುಸ್ ಇರಲಿ ಎಂದು ಸಲಹೆ ಕೊಡುತ್ತದೆ. ನಮ್ಮ ಪಶ್ಚಿಮಘಟ್ಟದ ತೂಗುಬಳ್ಳಿ ‘ಥುನ್‌ಬರ್ಜಿಯಾ ಮೈಸೊರೆನ್ಸಿಸ್’ ಇದೇ ಅಚ್ಚಿನದು. ಒಂದೇ ಊರಿಗೆ ಎರಡು ಪ್ರತ್ಯಯವೂ ಆಗಬಹುದು: ಮದರಾಸಪಟ್ಟಣದಿಂದ ನೆಲ್ಲಿ ಜಾತಿಯ ‘ಫಿಲಾಂಥಸ್ ಮಡೆರಾಸ್ಪಟೆನ್ಸಿಸ್’, ಸೌತೆ ಜಾತಿಯ ‘ಕುಕುಮಿಸ್ ಮಡೆರಾಸ್ಪಟಾನುಸ್’.

ಇಂಗ್ಲೆಂಡಿನದಕ್ಕೆ ಸೊಗಸಾದ ಉದಾಹರಣೆ ‘ಸೆನೆಸಿಯೊ ಎಬೊರಾಸೆನ್ಸಿಸ್’. 1979ರಲ್ಲಿ ಯಾರ್ಕ್ ರೈಲು ನಿಲ್ದಾಣದ ಕಾರ್ ಪಾರ್ಕಿನ ಬಳಿ ಸಿಕ್ಕ ಗಿಡ, 2003ರಲ್ಲಿ ಹೆಸರಾಯಿತು. ತಾಯ್ತಂದೆ ಸೆನೆಸಿಯೊ ಸ್ಕ್ವಾಲಿಡುಸ್ ಮತ್ತು ಸೆನೆಸಿಯೊ ವುಲ್ಗಾರಿಸ್. ಸ್ಕ್ವಾಲಿಡುಸ್‌ಗೆ ಇಂಗ್ಲಿಷಿನಲ್ಲಿ ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್ ಎನ್ನುತ್ತಾರೆ. ಮೂಲ ಸಿಸಿಲಿ, ಆಕ್ಸ್‌ಫರ್ಡ್ ಸಸ್ಯೋದ್ಯಾನದಿಂದ ತಪ್ಪಿಸಿಕೊಂಡು ರೈಲು ಹಳಿಯ ಜಲ್ಲಿಯ ಮೇಲೆ ದೇಶವೆಲ್ಲ ಹಬ್ಬಿತು. ಊರು ಊರು ಸುತ್ತಿದ ಅದರ ಲ್ಯಾಟಿನ್ ಹೆಸರಿನಲ್ಲಿ ಆಕ್ಸ್‌ಫರ್ಡ್ ಇಲ್ಲವೇ ಇಲ್ಲ, ಯಾರ್ಕಿನಲ್ಲಿ ಹುಟ್ಟಿದ ಮಗುವಿಗೆ ಮಾತ್ರ ಊರಿನ ಹೆಸರು. ಆ ಮಗು ಅಲ್ಲಿಂದ ಅಳಿದುಹೋಗಿ, ಕೂಡಿಟ್ಟಿದ್ದ ಬೀಜದಿಂದ 2023ರಲ್ಲಿ ಯಾರ್ಕಿಗೆ ಮರಳಿತು. ಬ್ರಿಸ್ಟಲ್ಲಿನ ಏವನ್ ಕಮರಿಯ ಮರ ‘ಸೊರ್ಬುಸ್ ಬ್ರಿಸ್ಟೊಲಿಯೆನ್ಸಿಸ್’. ಆಕ್ಸ್‌ಫರ್ಡಿಗೆ ಡೈನೊಸಾರ್ ಇದೆ: ಸೆಟಿಯೊಸಾರಸ್ ಆಕ್ಸೊನಿಯೆನ್ಸಿಸ್, 1871.

ಮೋಸ ಹೋಗುವ ಜಾಗಗಳು:
‘ಕಾಂಬ್ರೆನ್ಸಿಸ್’ ಕೇಂಬ್ರಿಜ್ ಅಲ್ಲ. ಕಾಂಬ್ರಿಯಾ ಎಂದರೆ ವೇಲ್ಸ್. ಎಬೊರಾಸೆನ್ಸಿಸ್‌ನ ದಾಯಾದಿ ‘ಸೆನೆಸಿಯೊ ಕಾಂಬ್ರೆನ್ಸಿಸ್’ ವೇಲ್ಸಿನದು.
‘ಕಾಂಟಾಬ್ರಿಕುಸ್’ ಕೂಡ ಕೇಂಬ್ರಿಜ್ ಅಲ್ಲ, ಉತ್ತರ ಸ್ಪೇನಿನ ಕಾಂಟಾಬ್ರಿಯಾ. ಮಧ್ಯೆ ‘ಗಿ’ ಇದೆಯೇ ನೋಡಿ: ಕಾಂಟಾಬ್ರಿಗಿಯೆನ್ಸಿಸ್ ಆದರೆ ಮಾತ್ರ ಕೇಂಬ್ರಿಜ್.
‘ಡುನೆನ್ಸಿಸ್’ ಡರ್ಹಮ್ ಅಲ್ಲ. ‘ಎಪಿಪಾಕ್ಟಿಸ್ ಡುನೆನ್ಸಿಸ್’ ಮರಳುದಿಬ್ಬದ ಆರ್ಕಿಡ್. ಡರ್ಹಮ್ ಆಗಬೇಕಾದರೆ ‘ಎಲ್ಮ್’ ಬೇಕು.
‘ನೊವೆಬೊರಾಸೆನ್ಸಿಸ್’ ನ್ಯೂಯಾರ್ಕಿನದು, ‘ವೆರ್ನೋನಿಯಾ ನೊವೆಬೊರಾಸೆನ್ಸಿಸ್’ ಇದ್ದ ಹಾಗೆ. ತಲೆಯ ‘ನೊವ’ ಬಿಟ್ಟು ಓದಿದರೆ ಗಿಡ ಅಟ್ಲಾಂಟಿಕ್ ದಾಟಿಬಿಡುತ್ತದೆ.

ಕಡಲತಡಿ:
ಕಾಂಟಾಬ್ರಿಯನ್ ವಿಷಯ ಇನ್ನೂ ಉಂಟು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ಪ್ರಾಂತ್ಯದವರೂ ತಮ್ಮನ್ನು ಕ್ಯಾಂಟಾಬ್ರಿಯನ್ ಅಂತಲೇ ಕರೆದುಕೊಳ್ಳುವುದು. ಹೆಸರು ಕ್ಯಾಂಟರ್ಬರಿಯದು, ವಿಶೇಷಣ ಕೇಂಬ್ರಿಜಿನ ಹಾಗೆ ಕೇಳುತ್ತದೆ, ಅಕ್ಷರ ಸ್ಪೇನಿನದು. ಇದಕ್ಕೆ ಯಾವ ವ್ಯಾಕರಣ ಮದ್ದು ಹೇಳಿ ಮಾರಾಯ್ರೇ.

ಲಿವರ್‌ಪಡ್ಲಿಯನ್ (ಲಿವರ್‌ಪೂಲಿನವರು) ಕೂಡ ಲ್ಯಾಟಿನ್ನೇ ಅಲ್ಲವಾ? ಬಾಲ ಹಾಗೇ ಉಂಟು.

ಪ್ರಕೃತಿಪ್ರತ್ಯಯ:
ಬಾಲ ಮಾತ್ರ. ‘ಪೂಲ್’ ಅಂದರೆ ಹೊಂಡ, ಅದನ್ನು ತಮಾಷೆಗೆ ‘ಪಡಲ್’, ಕೊಚ್ಚೆಗುಂಡಿ ಮಾಡಿ ಮೇಲೆ ‘ಇಯನ್’ ಹಚ್ಚಿದ್ದು. ಜನರೇ ತಮ್ಮೂರಿನ ಮೇಲೆ ಮಾಡಿಕೊಂಡ ಜೋಕ್. ವುಲ್ವರ್‌ಹ್ಯಾಂಪ್ಟನ್ನಿನ ವುಲ್‌ಫ್ರೂನಿಯನ್ ಕೂಡ ಲ್ಯಾಟಿನ್ ಅಲ್ಲ, 985ರ ದಾನಪತ್ರದಲ್ಲಿ ಆ ಊರನ್ನು ಪಡೆದ ವುಲ್‌ಫ್ರೂನ್ ಎಂಬ ಹೆಂಗಸಿನ ಹೆಸರು.

ಮ್ಯಾಂಕ್ಯೂನಿಯನ್ ಹಾಗಲ್ಲ, ಅದಕ್ಕೆ ಲ್ಯಾಟಿನ್ ಬೇರು ಇದೆ, ಬೇರಿಗೆ ಹುಳ ಹಿಡಿದಿದೆ ಅಷ್ಟೇ. ಮ್ಯಾಂಚೆಸ್ಟರಿನ ರೋಮನ್ ಕೋಟೆ ಬಹುಶಃ ‘ಮಾಮುಕಿಯುಮ್’. ರೋಮನ್ ರಸ್ತೆಗಳ ಪಟ್ಟಿಯಾದ ಆಂಟೊನೈನ್ ಮಾರ್ಗಸೂಚಿಯ ಹಸ್ತಪ್ರತಿಗಳಲ್ಲಿ ಕಾಗುಣಿತ ಏರುಪೇರಾಗಿ ‘ಮಾಂಕುನಿಯುಮ್’ ಹುಟ್ಟಿತು, ವಿಶೇಷಣ ಮಾಂಕುನಿಯೆನ್ಸಿಸ್. ಸಾರುಮ್‌ನ ಹಾಗೆ ಇದನ್ನೂ ಈಗ ತಿದ್ದಲು ಬರುವುದಿಲ್ಲ.

ಲೀಡ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ‘ಲಿಯೊಡಿಯೆನ್ಸಿಸ್’ ಲೀಡ್ಸಿನದೂ ಹೌದು, ಬೆಲ್ಜಿಯಂನ ಲಿಯೇಜ್‌ನದೂ ಹೌದು. ರಾಲ್ಫ್ ಥೋರ್ಸ್‌ಬಿಯ 1715ರ ‘ಡುಕಾಟುಸ್ ಲಿಯೊಡಿಯೆನ್ಸಿಸ್’ ಲೀಡ್ಸ್ ಸುತ್ತಲಿನ ವಿವರ. ಅದೇ ಬಿಷಪ್ ಹೆಸರಿನ ಮುಂದೆ ‘ಲಿಯೊಡಿಯೆನ್ಸಿಸ್’ ಬಂದರೆ ಅದು ಲಿಯೇಜ್.

ಅಚ್ಚುಮೊಳೆ:
ಪದವಿ ಮತ್ತು ಸಹಿಯ ಮೊಟಕು ರೂಪಗಳಿಗೆ ಬರೋಣ.

ಬಿಷಪ್ ಸಹಿ: ಶಿಲುಬೆಯ ಗುರುತು, ಮೊದಲ ಹೆಸರು, ಪೀಠದ ಮೊಟಕು ರೂಪ. ಕ್ಯಾಂಟುವಾರ್, ಈಬರ್, ಡನೆಲ್ಮ್, ವಿಂಟನ್, ಎಕ್ಸನ್, ಆಕ್ಸನ್, ರೊಫೆನ್, ನಾರ್ವಿಕ್ (ನಾರಿಚ್), ಪೆಟ್ರಿಬರ್ಗ್ (ಪೀಟರ್‌ಬರೊ), ಕಾರ್ಲಿಯಲ್ (ಕಾರ್ಲೈಲ್), ಸಿಸೆಸ್ಟ್ರ್ (ಚಿಚೆಸ್ಟರ್). ಹಳೆಯ ಪತ್ರಗಳಲ್ಲಿ ಇದರ ಮುಂದೆ ಎರಡು ಚುಕ್ಕಿ ಇರುತ್ತದೆ: ‘ಕ್ಯಾಂಟುವಾರ್:’. ಅದು ಮೊಟಕು ಮಾಡಿದ ಗುರುತು. ಮುಂದೆ ಏನೋ ಬಿಟ್ಟುಹೋಗಿದೆ ಎಂದು ಬೆರಳಚ್ಚು ಮಾಡುವವರು ಖಾಲಿ ಜಾಗ ಬಿಡುವುದುಂಟು, ಬಿಡಬೇಡಿ.

‘ಆಕ್ಸನ್’ಗೆ ಮಾತ್ರ ಮೂರು ಬಿಡಿಸುವಿಕೆ. ಪದವಿಯ ಪಕ್ಕದಲ್ಲಿ ಆಕ್ಸೊನಿಯೆನ್ಸಿಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ. ಬಿಷಪ್ ಸಹಿಯಲ್ಲಿ ಆಕ್ಸ್‌ಫರ್ಡ್ ಪೀಠ. ಅಂಚೆ ವಿಳಾಸದಲ್ಲಿ ಆಕ್ಸ್‌ಫರ್ಡ್‌ಶೈರ್ ಎಂಬ ಜಿಲ್ಲೆ. ವಿಳಾಸದಲ್ಲಿನ ‘ಹ್ಯಾಂಟ್ಸ್’, ‘ಸಾಲಪ್’ ಲ್ಯಾಟಿನ್ ಅಲ್ಲ. ಹ್ಯಾಂಟ್ಸ್ ಹಳೆ ಇಂಗ್ಲಿಷಿನಿಂದ, ಸಾಲಪ್ ನಾರ್ಮನ್ನರ ಬಾಯಲ್ಲಿ ತಿರುಚಿದ ಶ್ರಾಪ್‌ಶೈರ್. 1974ರಿಂದ 1980ರ ತನಕ ಆ ಜಿಲ್ಲೆಯ ಅಧಿಕೃತ ಹೆಸರೇ ಸಾಲಪ್.

ಹಳೆ ಬೆಂಗಳೂರು, ಮೈಸೂರಿನ ವಕೀಲರ, ಡಾಕ್ಟರುಗಳ ಫಲಕಗಳಲ್ಲೂ ಇವು ಇರುತ್ತಿದ್ದವು. ‘ಎಂ.ಎ. (ಕ್ಯಾಂಟಬ್)’ ಕೇಂಬ್ರಿಜ್, ‘ಎಂ.ಆರ್.ಸಿ.ಪಿ. (ಲಂಡ್.)’ ಲಂಡನ್. ‘ಎಫ್.ಆರ್.ಸಿ.ಎಸ್. (ಎಂಗ್.)’ ಊರಲ್ಲ, ಇಂಗ್ಲೆಂಡ್. ‘ಎಡಿನ್.’ ಸ್ಕಾಟ್ಲೆಂಡಿನ ಎಡಿನ್‌ಬರೊ, ಈ ಪಟ್ಟಿಗೇ ಸೇರದು.

ಕ್ಯಾಂಟಬ್ ಮತ್ತು ಕ್ಯಾಂಟುವಾರ್ ಅಕ್ಕಪಕ್ಕ ಬಂದರೆ ಕಣ್ಣು ಜಾರುತ್ತದೆ. ಪದವಿಯ ಮುಂದೆ ‘ಕ್ಯಾಂಟುವಾರ್’ ಇದ್ದರೆ ಅದು ಆರ್ಚ್‌ಬಿಷಪ್ ಕೊಡುವ ಲ್ಯಾಂಬೆತ್ ಪದವಿ, 1533ರ ಕಾಯ್ದೆಯ ಅಧಿಕಾರದಿಂದ ಬಂದದ್ದು. ಕೇಂಬ್ರಿಜಿಗೆ ಸಂಬಂಧ ಇಲ್ಲ. ಇನ್ನು ‘ಎಂ.ಎ. (ಆಕ್ಸನ್)’ ಎಂದರೆ ಮತ್ತೊಂದು ಪರೀಕ್ಷೆ ಬರೆದದ್ದು ಎಂದುಕೊಳ್ಳಬೇಡಿ. ಆಕ್ಸ್‌ಫರ್ಡಿನಲ್ಲಿ ಬಿ.ಎ. ಆದವರು ಸೇರಿದಾಗಿನಿಂದ 21 ಟರ್ಮ್, ಅಂದರೆ 7 ವರ್ಷ ಕಳೆದ ಮೇಲೆ ಪಡೆಯುವ ಸ್ಥಾನ ಅದು. ಕೇಂಬ್ರಿಜಿನಲ್ಲಿ ಮೊದಲ ಟರ್ಮ್ ಮುಗಿದು 6 ವರ್ಷದ ಮೇಲೆ. ಕರ್ತೃವಿವರದಲ್ಲಿ ‘ಸ್ನಾತಕೋತ್ತರ ಅಧ್ಯಯನ’ ಎಂದು ಬರೆದರೆ ಸುಳ್ಳಾಗುತ್ತದೆ.

ಹಳೇಪುಸ್ತಕ:
ಲಂಡನ್ನಿಗೆ ಲೊಂಡಿನಿಯೆನ್ಸಿಸ್, ಲೊಂಡಿನೆನ್ಸಿಸ್, ಲೊಂಡೊನಿಯೆನ್ಸಿಸ್ ಮೂರೂ ಸಿಕ್ಕಿವೆ. ಯಾವುದನ್ನು ಮುಖ್ಯ ರೂಪ ಮಾಡಲಿ?

ತೂಕದಕಾಸು:
ಕಲ್ಲಿನ ಸಾಕ್ಷ್ಯ ಬೇಕಾದರೆ ಲೊಂಡಿನಿಯೆನ್ಸಿಸ್. 2002ರಲ್ಲಿ ಲಂಡನ್ನಿನ ಸದಕ್‌ನಲ್ಲಿ ಅಗೆದಾಗ ಸಿಕ್ಕ ಅಮೃತಶಿಲೆಯ ಫಲಕದಲ್ಲಿ ಟಿಬೆರಿನಿಯುಸ್ ಕೆಲೆರಿಯಾನುಸ್ ಎಂಬವನು ‘ಲೊಂಡಿನಿಯೆನ್ಸಿಯುಮ್’ ಎಂದು ಬರೆಸಿದ್ದಾನೆ, ಲಂಡನ್ನಿನವರ ಎಂಬರ್ಥದ ಷಷ್ಠೀ ಬಹುವಚನ. ‘ಇ’ ಸಮೇತ ಇದೆ.

ಆದರೆ ಎರಡನೆಯದೂ ಹೊಸದಲ್ಲ. ಕ್ರಿ.ಶ. 314ರ ಆರ್ಲ್ ಧರ್ಮಸಭೆಗೆ ಹೋದ ಬ್ರಿಟನ್ನಿನ ಬಿಷಪ್ಪರ ಪಟ್ಟಿಯಲ್ಲಿ ಎಬೊರಿಯುಸ್ ‘ಎಬೊರಾಕೆನ್ಸಿ’ ನಗರದವನು, ರೆಸ್ಟಿಟುಟುಸ್ ‘ಲೊಂಡೆನೆನ್ಸಿ’ ನಗರದವನು. ಮೂರನೆಯವನು ಅಡೆಲ್ಫಿಯುಸ್, ಅವನದು ‘ಕೊಲೊನಿಯಾ ಲೊಂಡೆನೆನ್ಸಿಯುಮ್’! ಒಂದೇ ಊರಿಗೆ ಇಬ್ಬರು ಬಿಷಪ್ ಇರಲಾರರು. ಲಿಪಿಕಾರ ‘ಲಿಂಡೆನ್ಸಿಯುಮ್’ ಬರೆಯಲು ಹೋಗಿ ಮೇಲಿನ ಸಾಲನ್ನೇ ನಕಲು ಮಾಡಿದ್ದಾನೆ, ಅದು ಲಿಂಕನ್ ಎಂಬುದು ಹಲವರ ಊಹೆ. ಕೋಲ್ಚೆಸ್ಟರ್ ಎನ್ನುವವರೂ ಇದ್ದಾರೆ. ಒಂದು ವಿಶೇಷಣದ ಎರಡು ಅಕ್ಷರ ಜಾರಿದ್ದಕ್ಕೆ ಒಂದು ಬಿಷಪ್ ಪೀಠವೇ ಕಾಣೆಯಾಗಿದೆ.

ಪ್ರಕೃತಿಪ್ರತ್ಯಯ:
ಮುಖ್ಯ ರೂಪ ಲೊಂಡಿನಿಯೆನ್ಸಿಸ್ ಇಡಿ. ಲೊಂಡಿನೆನ್ಸಿಸ್ ಅಚ್ಚಿನ ಕಾಲದ ಪುಸ್ತಕಗಳಲ್ಲಿ ಸಾಮಾನ್ಯ, ಲೊಂಡೊನಿಯೆನ್ಸಿಸ್ ಮಧ್ಯಯುಗದ ಲೊಂಡೊನಿಯಾದಿಂದ ಬಂದದ್ದು. ಇವೆರಡಕ್ಕೂ ‘ನೋಡಿ’ ಕೊಂಡಿ ಹಾಕಿ. ಮುಖಪುಟದ ನಕಲಿನಲ್ಲಿ ಮಾತ್ರ ಅಲ್ಲಿದ್ದ ಅಕ್ಷರವೇ ಇರಲಿ, ತಿದ್ದುವ ಉಮೇದು ಬೇಡ.

ಕನ್ನಡ ಅಕ್ಷರದ ಬಗ್ಗೆಯೂ ಈಗಲೇ ತೀರ್ಮಾನ ಮಾಡಿಕೊಳ್ಳಿ. ಚಿಚೆಸ್ಟರಿನ ವಿಶೇಷಣ ಹಳೆ ಲ್ಯಾಟಿನ್ ಉಚ್ಚಾರದಲ್ಲಿ ಕಿಕೆಸ್ಟ್ರಿಯೆನ್ಸಿಸ್, ಇಂಗ್ಲಿಷರ ಬಾಯಲ್ಲಿ ಸಿಸೆಸ್ಟ್ರಿಯೆನ್ಸಿಸ್, ಇಟಲಿಯ ಚರ್ಚಿನ ಉಚ್ಚಾರದಲ್ಲಿ ಚಿಚೆಸ್ಟ್ರಿಯೆನ್ಸಿಸ್. ಮೂರನೆಯದು ಊರಿನ ಇಂಗ್ಲಿಷ್ ಹೆಸರಿಗೇ ಹತ್ತಿರ, ಆದರೂ ಆ ಪದ್ಧತಿ ಹಿಡಿದರೆ ಉಳಿದ ಊರುಗಳೆಲ್ಲ ಕೆಡುತ್ತವೆ. ಈ ಚರ್ಚೆಯಲ್ಲೇ ಹರ್ಬೇರಿಯಂ ಅವರು ಎಬೊರಾಸೆನ್ಸಿಸ್ ಎಂದರು, ನಾನು ಎಬೊರಾಕೆನ್ಸಿಸ್ ಎಂದೆ. ಗಿಡದವರು ಇಂಗ್ಲಿಷ್ ಉಚ್ಚಾರ ಹಿಡಿಯುವುದು ರೂಢಿ. ಸೂಚಿಪತ್ರಕ್ಕೆ ಹಳೆ ಉಚ್ಚಾರ ಒಂದನ್ನೇ ಹಿಡಿಯಿರಿ, ಇಲ್ಲವಾದರೆ ಅಕಾರಾದಿಯಲ್ಲಿ ಒಂದೇ ಊರು ‘ಕ’, ‘ಚ’, ‘ಸ’ ಮೂರು ಕಡೆ ಕೂರುತ್ತದೆ.

ಹಳೇಪುಸ್ತಕ:
ಹಾಗೇ ಮಾಡಿದೆ. ತಿದ್ದಿದ ಮೊದಲ ಕಂತು, ತಪ್ಪಿದ್ದರೆ ಹೇಳಿ:
ಯಾರ್ಕ್, ಎಬೊರಾಕುಮ್, ಎಬೊರಾಕೆನ್ಸಿಸ್, ಸಪ್ತಮಿ ಎಬೊರಾಕಿ.
ಕೇಂಬ್ರಿಜ್, ಕಾಂಟಾಬ್ರಿಗಿಯಾ, ಕಾಂಟಾಬ್ರಿಗಿಯೆನ್ಸಿಸ್, ಸಪ್ತಮಿ ಕಾಂಟಾಬ್ರಿಗಿಯೆ.
ಬಾತ್, ಬಾಥೊನಿಯಾ, ಬಾಥೊನೆನ್ಸಿಸ್, ಸಪ್ತಮಿ ಬಾಥೊನಿಯೆ.
ನ್ಯೂಕಾಸಲ್, ನೊವುಮ್ ಕಾಸ್ಟ್ರುಮ್, ನೊವುಮ್‌ಕಾಸ್ಟ್ರೆನ್ಸಿಸ್, ಸಪ್ತಮಿ ನೊವಿ ಕಾಸ್ಟ್ರಿ.

ಪ್ರಕೃತಿಪ್ರತ್ಯಯ:
ಎರಡು ತಿದ್ದುಪಡಿ. ಬಾಥೊನಿಯಾದಲ್ಲಿ ‘ಇ’ ಇದೆ, ಆದ್ದರಿಂದ ಬಾಥೊನಿಯೆನ್ಸಿಸ್. ಅರಬ್ಬಿ ಗಣಿತವನ್ನು ಲ್ಯಾಟಿನ್ನಿಗೆ ತಂದ ಅಡೆಲಾರ್ಡ್ ‘ಬಾಥೊನಿಯೆನ್ಸಿಸ್’ ಎಂದೇ ಕರೆಸಿಕೊಂಡವನು. ನ್ಯೂಕಾಸಲ್ಲಿನದು ಎರಡು ಪದ ಸೇರಿ ಸಮಾಸವಾಗುವಾಗ ಮೊದಲ ಪದದ ‘ಉಮ್’ ಬಿದ್ದು ‘ಒ’ ಬರುತ್ತದೆ: ನೊವೊಕಾಸ್ಟ್ರೆನ್ಸಿಸ್. ಇಂಗ್ಲಿಷಿನ ನೊವೊಕ್ಯಾಸ್ಟ್ರಿಯನ್ ಇದರದೇ ತಮ್ಮ. ಆ ಹೆಸರಿನ ಊರು ಇಂಗ್ಲೆಂಡಿನಲ್ಲೇ ಒಂದಕ್ಕಿಂತ ಹೆಚ್ಚಿರುವುದರಿಂದ ‘ಸುಪೆರ್ ಟಿನಾಮ್’, ಟೈನ್ ನದಿಯ ಮೇಲಿನ, ಎಂದು ಪಕ್ಕದಲ್ಲಿದ್ದರೆ ಅದನ್ನೂ ನಕಲು ಮಾಡಿ.

ಹಳೇಪುಸ್ತಕ:
ಎರಡೂ ತಿದ್ದಿದೆ. ‘ಲೊಂಡಿನಿ’ ಇರುವ ನಮೂದುಗಳನ್ನು ಮುಂದಿನ ಪದ ಸಮೇತ ಮತ್ತೆ ಓದಿದಾಗ ಒಂದರಲ್ಲಿ ‘ಗೊಥೋರುಮ್’ ಸಿಕ್ಕಿತು. ಆ ಪುಸ್ತಕವನ್ನು ಲುಂಡ್‌ಗೆ ಸೇರಿಸಿದೆ.